ಮಗುವಿನ ಇಡೀ ದಿನವನ್ನು ಯಾರೂ ನೋಡುತ್ತಿಲ್ಲ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಹೋಗುವ ಊರು. ನಾನು ಕುಂಬಳೆಗೆ ಕೆಲಸಕ್ಕೆ ಹೋಗುತ್ತೇನೆ. ಗಂಡ ದುಬೈಯಲ್ಲಿದ್ದಾರೆ. ಮಗಳಿಗೆ ಈಗಷ್ಟೇ ನಾಲ್ಕು ತುಂಬಿತು. ತೂಕ 21 ಕೆ.ಜಿ., ಎತ್ತರ 103 ಸೆಂ.ಮೀ. ಹುಟ್ಟುವಾಗ 2.1 ಕೆ.ಜಿ. ಮಾತ್ರ ಇದ್ದಳು. ಹಗಲು ಅಂಗನವಾಡಿ, ಆಮೇಲೆ ಅತ್ತೆ ನೋಡಿಕೊಳ್ಳುತ್ತಾರೆ. ತೂಕ ಜಾಸ್ತಿಯಾಯಿತು ಅಂತ ನನಗೆ ಅನಿಸುತ್ತದೆ. "ಬೆಳೆಯುವಾಗ ಸರಿಯಾಗ್ತದೆ, ಮಗುವಿನ ಮೇಲೆ ಕಣ್ಣು ಹಾಕಬೇಡ" ಎನ್ನುತ್ತಾರೆ ಅತ್ತೆ. ಇದು ಅಂಗನವಾಡಿಯಿಂದ ಸಣ್ಣ ಮಕ್ಕಳಿಗೆ ಕೊಡುವ ಅಮೃತಂ ಪುಡಿಯಿಂದ ಆಯಿತೇ? ಅಂಗನವಾಡಿ ಬಿಡಿಸಿ ಪೇಟೆಯ ಪ್ಲೇಸ್ಕೂಲಿಗೆ ಹಾಕಲೇ? ನಾನು ಕೆಲಸ ಬಿಡಬೇಕೇ? ಅವಳು ದಿನಕ್ಕೆ ಏನೇನು ತಿನ್ನುತ್ತಾಳೆ ಅಂತ ನನಗೆ ಗೊತ್ತಿದ್ದಷ್ಟು ಬರೆದು ಕಳಿಸಿದ್ದೇನೆ.

ಉತ್ತರ: ಮೊದಲು ಕೊನೆಯ ಪ್ರಶ್ನೆ. ಕೆಲಸ ಬಿಡಬೇಡಿ. ಈ ತೂಕಕ್ಕೂ ನಿಮ್ಮ ನೌಕರಿಗೂ ನೇರ ಸಂಬಂಧ ಇಲ್ಲ. ನೀವು ಮನೆಯಲ್ಲಿ ಕೂತರೆ ಮಗುವಿಗೆ ತಿನ್ನಿಸುವ ಕೈ ಇನ್ನೊಂದು ಜಾಸ್ತಿ ಆಗುತ್ತದೆ, ಅಷ್ಟೇ.

ನಿಮ್ಮ ಅನುಮಾನ ಮಾತ್ರ ಸರಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆ ಪಟ್ಟಿಯನ್ನೇ ನಮ್ಮ ಅಂಗನವಾಡಿಗಳಲ್ಲೂ ಬಳಸುತ್ತಾರೆ. ಅದರ ಪ್ರಕಾರ ನಾಲ್ಕು ವರ್ಷದ ಹೆಣ್ಣುಮಗುವಿನ ನಡುಮಟ್ಟದ ತೂಕ ಸುಮಾರು 16 ಕೆ.ಜಿ., ಎತ್ತರ ಸುಮಾರು 103 ಸೆಂ.ಮೀ. ಅಂದರೆ ನಿಮ್ಮ ಮಗಳ ಎತ್ತರ ಸರಿಯಾಗಿ ಮಧ್ಯದಲ್ಲಿದೆ, ತೂಕ ಐದು ಕೆ.ಜಿ. ಮುಂದೆ ಹೋಗಿದೆ. ಎತ್ತರಕ್ಕೆ ತಕ್ಕ ತೂಕ ನೋಡುವ ಬಿಎಂಐ ಲೆಕ್ಕದಲ್ಲಿ ಅವಳದ್ದು 19.8. ಈ ವಯಸ್ಸಿಗೆ 15.3 ನಡುಮಟ್ಟ. 18.5 ದಾಟಿದರೆ ಅತಿತೂಕ, 20.6 ದಾಟಿದರೆ ಬೊಜ್ಜು. ಅವಳು ಮೊದಲ ಗೆರೆ ದಾಟಿದ್ದಾಳೆ, ಎರಡನೆಯದನ್ನು ದಾಟಿಲ್ಲ. ಗಾಬರಿಪಡುವ ಹಂತ ಅಲ್ಲ, ಸುಮ್ನೆ ಬಿಟ್ಟುಬಿಡುವ ಹಂತವೂ ಅಲ್ಲ.

"ಬೆಳೆಯುವಾಗ ಸರಿಯಾಗ್ತದೆ" ಅನ್ನುವ ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಂದು ವರ್ಷದ ಆಸುಪಾಸಿನಿಂದ ಐದಾರು ವರ್ಷದವರೆಗೆ ಮಕ್ಕಳು ಸಹಜವಾಗಿ ಸಪೂರ ಆಗುತ್ತಾ ಹೋಗುತ್ತಾರೆ. ಎತ್ತರ ಬೆಳೆದಷ್ಟು ತೂಕ ಏರುವುದಿಲ್ಲ. ಪಕ್ಕೆಲುಬು ಕಾಣುತ್ತದೆ, ಮನೆಯವರು "ಮಗು ಬತ್ತಿ ಹೋಯ್ತು" ಅಂತ ಚಿಂತೆ ಮಾಡುತ್ತಾರೆ. ಅದು ಬತ್ತುವುದಲ್ಲ, ಬೆಳೆಯುವ ಕ್ರಮ. ಐದಾರು ವರ್ಷದ ನಂತರ ಬಿಎಂಐ ಮತ್ತೆ ಏರಲು ತೊಡಗುತ್ತದೆ. ಆ ಏರಿಕೆ ಬೇಗ, ಅಂದರೆ ಮೂರು ನಾಲ್ಕು ವರ್ಷಕ್ಕೇ ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜು ಉಳಿದುಕೊಳ್ಳುವ ಸಂಭವ ಜಾಸ್ತಿ ಅಂತ 1980ರ ದಶಕದಿಂದಲೇ ತಿಳಿದಿದೆ. ನಿಮ್ಮ ಮಗಳು ಸಪೂರ ಆಗಬೇಕಾದ ವಯಸ್ಸಿನಲ್ಲಿ ದಪ್ಪವಾಗುತ್ತಿದ್ದಾಳೆ. ಅವಳನ್ನು ಅವಳಷ್ಟಕ್ಕೇ ಬಿಟ್ಟರೆ ಸರಿಯಾದೀತು ಅಂತ ನಾನು ಹೇಳಲಾರೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಅದರಲ್ಲಿ ಎರಡು ಕಡೆ "ಗೊತ್ತಿಲ್ಲ" ಅಂತ ಬರೆದಿದ್ದೀರಿ. ಒಂದು ಅಂಗನವಾಡಿಯ ಹೊತ್ತು. ಇನ್ನೊಂದು ಸಂಜೆ ಓರಗಿತ್ತಿಯ ಮನೆಯಲ್ಲಿ ಆಟಕ್ಕೆ ಹೋದ ಹೊತ್ತು. ಇಡೀ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಎರಡು "ಗೊತ್ತಿಲ್ಲ"ಗಳೇ. ಅಂಗನವಾಡಿ ಟೀಚರಿಗೆ ಅವಳು ಬೆಳಗ್ಗೆ ಮನೆಯಲ್ಲಿ ಏನು ತಿಂದಳು ಅಂತ ಗೊತ್ತಿಲ್ಲ. ಅತ್ತೆಗೆ ಅವಳು ಅಂಗನವಾಡಿಯಲ್ಲಿ ಎಷ್ಟು ಉಂಡಳು ಅಂತ ಗೊತ್ತಿಲ್ಲ. ಓರಗಿತ್ತಿಗೆ ಅತ್ತೆ ಕೊಟ್ಟದ್ದು ಗೊತ್ತಿಲ್ಲ. ರಾತ್ರಿ ನೀವು ಬಂದಾಗ ಇದ್ಯಾವುದೂ ನಿಮಗೆ ಗೊತ್ತಿಲ್ಲ. ಒಬ್ಬೊಬ್ಬರೂ ತಮ್ಮ ಪಾಲಿನದ್ದನ್ನು ಅಕ್ಕರೆಯಿಂದ, ಅಳತೆ ಮೀರದೆ ಕೊಡುತ್ತಾರೆ. ಒಟ್ಟು ಕೂಡಿಸಿ ನೋಡುವವರು ಮಾತ್ರ ಇಲ್ಲ. ಕೂಡುಕುಟುಂಬದ ಮಕ್ಕಳಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ. ಅತಿಯಾಗಿ ತಿನ್ನಿಸುವ ಒಬ್ಬ ಮನುಷ್ಯ ಸಿಗುವುದು ಅಪರೂಪ.

ಪಟ್ಟಿಯಲ್ಲಿರುವುದನ್ನಷ್ಟೇ ಎಣಿಸಿದರೂ ನೋಡಿ. ಎದ್ದ ಕೂಡಲೇ ಒಂದು ಲೋಟ ಹಾಲು, ಅದಕ್ಕೆ ಎರಡು ಚಮಚ ಚಾಕಲೇಟ್ ಪುಡಿ, ಸಕ್ಕರೆ, ಜೊತೆಗೆ ನಾಲ್ಕು ಮಾರಿ ಬಿಸ್ಕತ್ತು. ಎಂಟೂವರೆಗೆ ತುಪ್ಪ ಸಕ್ಕರೆ ಹಾಕಿದ ದೋಸೆ. ಅಂಗನವಾಡಿಯಲ್ಲಿ ಬೆಳಗಿನದ್ದು, ಮಧ್ಯಾಹ್ನದ್ದು. ಮೂರೂವರೆಗೆ ಮನೆಗೆ ಬಂದ ಕೂಡಲೇ "ಅಲ್ಲಿ ಏನು ತಿಂದಿತೋ ಏನೋ" ಅಂತ ಅತ್ತೆ ಮತ್ತೆ ಅನ್ನ ಕಲಸಿ, ಮೊಬೈಲ್ ತೋರಿಸಿ ತಿನ್ನಿಸುತ್ತಾರೆ. ಐದಕ್ಕೆ ಚಹಾ ಹೊತ್ತಿನ ಬೇಕರಿ ತಿಂಡಿ. ಆರಕ್ಕೆ ಓರಗಿತ್ತಿಯ ಮನೆ. ಎಂಟೂವರೆಗೆ ಊಟ. ಅಪ್ಪನ ವಿಡಿಯೊ ಕಾಲ್ ಮುಗಿದ ಮೇಲೆ ಹತ್ತು ಗಂಟೆಗೆ ಮತ್ತೆ ಅದೇ ಹಾಲು, ಬಾಟಲಿಯಲ್ಲಿ. ಒಂಬತ್ತು ಸಲ ಆಯಿತು.

ಇದರಲ್ಲಿ ಬೆಳಗಿನ ಹಾಲನ್ನು ಮಾತ್ರ ಬಿಡಿಸಿ ನೋಡೋಣ. 200 ಮಿ.ಲೀ. ಹಾಲಿನಿಂದ ಸುಮಾರು 130 ಕ್ಯಾಲರಿ. ಪುಡಿ, ಸಕ್ಕರೆ ಸೇರಿ 80ರಿಂದ 100. ನಾಲ್ಕು ಮಾರಿಯಿಂದ ಸುಮಾರು 100. ದೋಸೆಗೆ ಮೊದಲೇ 300 ದಾಟಿತು. ರಾತ್ರಿಯ ಬಾಟಲಿಯಿಂದ ಇನ್ನೂ 200 ಚಿಲ್ಲರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,360 ಕ್ಯಾಲರಿ. ಅದರ ಮೂರನೇ ಒಂದಕ್ಕಿಂತ ಜಾಸ್ತಿ ಎರಡು ಲೋಟ ಹಾಲು ಮತ್ತು ನಾಲ್ಕು ಬಿಸ್ಕತ್ತಿನಲ್ಲೇ ಹೋಯಿತು. ನಿಮ್ಮ ಮನೆಯಲ್ಲಿ ಇದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. "ಹಾಲು ತಾನೇ" ಅಂತ ಬಿಟ್ಟುಬಿಡುತ್ತಾರೆ, ಅಲ್ವಾ?

ಸಕ್ಕರೆಯದ್ದೂ ಇದೇ ಕಥೆ. ಮೇಲಿನಿಂದ ಹಾಕುವ ಸಕ್ಕರೆ ದಿನದ ಒಟ್ಟು ಕ್ಯಾಲರಿಯ ಶೇ. 10 ದಾಟಬಾರದು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಿಮ್ಮ ಮಗಳಿಗೆ ಶೇ. 5 ಅಂದರೆ 17 ಗ್ರಾಂ, ಮೂರೂವರೆ ಚಹಾ ಚಮಚ. ಅದು ಬೆಳಗಿನ ಲೋಟದಲ್ಲೇ ಮುಗಿಯುತ್ತದೆ. ಆ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಅಂತ ಕರೆದು ಮಾರುತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಆ ಗುಂಪಿನಿಂದ ತೆಗೆಯಲು ಹೇಳಿತು. ಡಬ್ಬದ ಹಿಂಬದಿಯ ಸಣ್ಣ ಅಕ್ಷರ ಓದಿ. ಕೆಲವು ಡಬ್ಬಗಳಲ್ಲಿ ಮೂರನೇ ಒಂದು ಭಾಗ ಸಕ್ಕರೆಯೇ ಇರುತ್ತದೆ.

ಹಾಗಾದರೆ ಅಜ್ಜಿಯರ ಆರೈಕೆಯಿಂದ ಮಕ್ಕಳು ದಪ್ಪ ಆಗುತ್ತಾರೆಯೇ? ಈ ಪ್ರಶ್ನೆಯನ್ನು ನೀವು ನೇರವಾಗಿ ಕೇಳಿಲ್ಲ, ಸಾಲುಗಳ ನಡುವೆ ಕೇಳಿದ್ದೀರಿ. ಬ್ರಿಟನ್ನಿನಲ್ಲಿ 2000ದ ಸುಮಾರಿಗೆ ಹುಟ್ಟಿದ ಸಾವಿರಾರು ಮಕ್ಕಳನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅದರ ಮಾಹಿತಿಯಿಂದ 2010ರಲ್ಲಿ ಬಂದ ವರದಿಯ ಪ್ರಕಾರ, ಹೆಚ್ಚಾಗಿ ಅಜ್ಜ ಅಜ್ಜಿ, ನೆಂಟರ ಕೈಯಲ್ಲಿ ಬೆಳೆದ ಮಕ್ಕಳಲ್ಲಿ ಮೂರು ವರ್ಷಕ್ಕೆ ಅತಿತೂಕ ಸ್ವಲ್ಪ ಜಾಸ್ತಿ ಕಂಡಿತು. ಪತ್ರಿಕೆಗಳು "ಅಜ್ಜಿಯರೇ ಕಾರಣ" ಅಂತ ತಲೆಬರಹ ಕೊಟ್ಟು ಮಜಾ ಮಾಡಿದವು. ಆದರೆ ಈ ವ್ಯತ್ಯಾಸ ಕಂಡದ್ದು ಓದಿದ, ಅನುಕೂಲ ಇರುವ ಮನೆಗಳಲ್ಲಿ. ಬಡ ಮನೆಗಳಲ್ಲಿ ಕಾಣಲಿಲ್ಲ. ಅಂದರೆ ಅಜ್ಜಿ ಇರುವುದು ತೊಂದರೆ ಅಲ್ಲ. ಅಜ್ಜಿಯ ಕೈಗೆ ಏನು ಸಿಗುತ್ತದೆ, ಮಗು ಹೊರಗೆ ಎಷ್ಟು ಓಡಾಡುತ್ತದೆ, ಊಟದ ವಿಷಯದಲ್ಲಿ ಮನೆಯವರೆಲ್ಲ ಒಂದೇ ಮಾತಿನಲ್ಲಿ ಇದ್ದಾರೆಯೇ, ಇವುಗಳೇ ಮುಖ್ಯ. ನಿಮ್ಮ ಅತ್ತೆ ತಮ್ಮ ಮಕ್ಕಳನ್ನು ಸಾಕುವಾಗ ಅಂಗಳದ ಆಚೆ ಬೇಕರಿ ಇರಲಿಲ್ಲ. ದುಬೈಯ ಚಾಕಲೇಟ್ ಡಬ್ಬ ಇರಲಿಲ್ಲ. ಕೊಚ್ಚಕ್ಕಿ ಗಂಜಿಗೆ ಇನ್ನೊಂದು ಸೌಟು ಹಾಕಿದರೆ ಯಾರೂ ದಪ್ಪ ಆಗುತ್ತಿರಲಿಲ್ಲ. ಆಗ ಸರಿಯಾಗಿದ್ದ ಅಭ್ಯಾಸವನ್ನೇ ಅವರು ಈಗಲೂ ಮಾಡುತ್ತಿದ್ದಾರೆ. ಕೈಗೆ ಸಿಗುವ ತಿಂಡಿ ಮಾತ್ರ ಬದಲಾಗಿದೆ.

ಇನ್ನೂ ಒಂದು ಕಾರಣ ಇದೆ. ನಿಮ್ಮ ಮಗಳು 2.1 ಕೆ.ಜಿ. ಇದ್ದಳು. ಆ ಮೊದಲ ತಿಂಗಳುಗಳಲ್ಲಿ ಮನೆಯವರು ಎಷ್ಟು ಹೆದರಿರಬಹುದು ಅಂತ ಊಹಿಸಬಲ್ಲೆ. "ಎರಡೆರಡು ಗಂಟೆಗೊಮ್ಮೆ ಹಾಲು ಕೊಡಿ, ತೂಕ ಏರಬೇಕು" ಅಂತ ಹೇಳಿದವರು ನಮ್ಮಂಥ ಡಾಕ್ಟರುಗಳೇ. ತೂಕ ಏರಿತು, ಮಗು ಚೆನ್ನಾಗಿ ಬೆಳೆಯಿತು. "ಇನ್ನು ಸಾಕು, ನಿಲ್ಲಿಸಿ" ಅಂತ ಮಾತ್ರ ಯಾರೂ ಹೇಳಲಿಲ್ಲ. ಪುಣೆಯಲ್ಲಿ ಡಾ. ಚಿತ್ತರಂಜನ ಯಾಜ್ಞಿಕ್ ಅವರ ತಂಡ 2003ರಲ್ಲಿ ಒಂದು ಸಂಗತಿ ತೋರಿಸಿತು. ಅಲ್ಲಿಯ ಹಳ್ಳಿಗಳ ಹಸುಗೂಸುಗಳು ಸರಾಸರಿ 2.7 ಕೆ.ಜಿ., ಇಂಗ್ಲೆಂಡಿನವು 3.5 ಕೆ.ಜಿ. ಆದರೆ ನಮ್ಮ ಮಕ್ಕಳಲ್ಲಿ ಕಡಿಮೆ ಇದ್ದದ್ದು ಮುಖ್ಯವಾಗಿ ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ಇಂಥ ಮಗು ಆಮೇಲೆ ವೇಗವಾಗಿ ದಪ್ಪವಾದರೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ. ಕಡಿಮೆ ತೂಕದಲ್ಲಿ ಹುಟ್ಟಿದ ಮಗು ದಪ್ಪ ಆದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು.

ಅಮೃತಂ ಪುಡಿಯ ಬಗ್ಗೆ ಕೇಳಿದ್ದೀರಿ. ಪಾಪ, ಅದನ್ನು ಬೈಯಬೇಡಿ. ಅದು ನಮ್ಮ ಜಿಲ್ಲೆಯದ್ದೇ ಕೂಸು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಅದರ ಪಾಕ ರೂಪಿಸಿತು, ಕೇರಳದ ಮಹಿಳಾ ಸಂಘಟನೆ ಕುಡುಂಬಶ್ರೀಯ ಹೆಂಗಸರು ತಯಾರಿಸುತ್ತಾರೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಇರುತ್ತವೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಗುವಿಗೆ ಅದು. ನಿಮ್ಮ ಪಟ್ಟಿಯ ಮೂಲೆಯಲ್ಲಿ "ತಮ್ಮನ ಪ್ಯಾಕೆಟಿನಿಂದ ಲಡ್ಡು" ಅಂತ ಬರೆದಿದ್ದೀರಿ. ತೊಂದರೆ ಇರುವುದು ಅಲ್ಲಿ. ಮೊದಲೇ ಸಕ್ಕರೆ ಇರುವ ಪುಡಿಗೆ ಬೆಲ್ಲ, ತುಪ್ಪ, ಕಾಯಿತುರಿ ಸೇರಿಸಿ ಉಂಡೆ ಕಟ್ಟಿ, ಹೊಟ್ಟೆ ತುಂಬಿದ ನಾಲ್ಕು ವರ್ಷದ ಹುಡುಗಿಗೆ ಕೊಟ್ಟರೆ ಅದು ಪೌಷ್ಟಿಕ ಆಹಾರ ಅಲ್ಲ, ಸಿಹಿತಿಂಡಿ. ತಮ್ಮನ ಪಾಲು ತಮ್ಮನಿಗೇ ಹೋಗಲಿ.

ಅಂಗನವಾಡಿಯನ್ನೂ ಬಿಡಿಸಬೇಡಿ. ನೀವು ಹೇಳುವ ಪ್ಲೇಸ್ಕೂಲಿಗೆ ಹಾಕಿದರೆ ಮಗು ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲಿ ಬರುತ್ತದೆ. ಸ್ನ್ಯಾಕ್ಸ್ ಡಬ್ಬಕ್ಕೆ ಬಿಸ್ಕತ್ತು, ಕ್ರೀಮ್ ಬನ್ನು ತುಂಬಬೇಕಾಗುತ್ತದೆ. ಹುಟ್ಟಿದ ಹಬ್ಬದ ಕೇಕು ಬೇರೆ. ಅಂಗನವಾಡಿಯಲ್ಲಿ ಹೊತ್ತಿಗೆ ಸರಿಯಾಗಿ, ಎಲ್ಲ ಮಕ್ಕಳ ಜೊತೆ ನೆಲದಲ್ಲಿ ಕೂತು, ತನ್ನ ಕೈಯಿಂದಲೇ ಉಣ್ಣುತ್ತಾಳೆ. ನಿಮ್ಮ ಮಗಳ ಇಡೀ ದಿನದಲ್ಲಿ ಸರಿಯಾದ ರೀತಿಯ ಊಟ ಅಂದರೆ ಅದೊಂದೇ ಇರಬಹುದು. 2025ರಲ್ಲಿ ಕೇರಳದ ಅಂಗನವಾಡಿಗಳ ಮೆನು ಬದಲಾದದ್ದು ನಿಮಗೂ ಗೊತ್ತಿರುತ್ತದೆ. ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು ಅಂತ ಒಂದು ಪುಟ್ಟ ಹುಡುಗ ಕೇಳಿದ ವಿಡಿಯೊದಿಂದ ಶುರುವಾದ ಕಥೆ. ಆಗ ಮೊಟ್ಟೆ ಬಿರಿಯಾನಿ ಬಂತು ಅಂತ ಎಲ್ಲರೂ ನಕ್ಕರು. ಸಕ್ಕರೆ, ಉಪ್ಪು ಕಡಿಮೆ ಮಾಡಿದರು ಅನ್ನುವುದು ಅಷ್ಟು ಸುದ್ದಿಯಾಗಲಿಲ್ಲ.

ಆದರೂ ಒಂದು ಮಾತು. ಅಂಗನವಾಡಿ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ಶುರುವಾದದ್ದು ಸೊರಗಿದ ಮಕ್ಕಳಿಗಾಗಿ. ಬೆಳವಣಿಗೆ ಪಟ್ಟಿಯಲ್ಲಿ ತೂಕದ ಗೆರೆ ಮೇಲೆ ಹೋದರೆ ಖುಷಿ, ಕೆಳಗೆ ಬಂದರೆ ಚಿಂತೆ. ಗೆರೆ ತುಂಬಾ ಮೇಲೆ ಹೋದರೆ ತಾಯಿಯನ್ನು ಕರೆದು ಹೇಳುವ ರೂಢಿ ಇನ್ನೂ ಗಟ್ಟಿಯಾಗಿ ಬಂದಿಲ್ಲ. ನಮ್ಮ ದೇಶದಲ್ಲಿ ಐದರೊಳಗಿನ ಮಕ್ಕಳ ಅತಿತೂಕ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 2.1 ಇತ್ತು, 2019–21ಕ್ಕೆ ಶೇ. 3.4 ಆಯಿತು. ಆ 2019–21ರ ಸಮೀಕ್ಷೆಯಲ್ಲೇ ಶೇ. 35.5 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಟೀಚರ ಗಮನ ಎಲ್ಲಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ನೀವೇ ಹೋಗಿ ಕೇಳಿ. ಅವರ ಫೋನಿನ ಸರಕಾರಿ ಆಪ್ ಪೋಷಣ್ ಟ್ರ್ಯಾಕರ್‌ನಲ್ಲಿ ನಿಮ್ಮ ಮಗಳ ತೂಕ, ಎತ್ತರ ಎರಡೂ ಇರುತ್ತವೆ. ಯಾವ ತಿಂಗಳಿಂದ ಏರಿತು ಅಂತ ಅದರಲ್ಲೇ ಕಾಣಬಹುದು. "ಇವತ್ತು ಚೆನ್ನಾಗಿ ಉಂಡಿದ್ದಾಳೆ" ಅಂತ ಮೂರೂವರೆಗೆ ಅತ್ತೆಗೆ ಒಂದು ಮಾತು ಹೇಳಿ ಕಳಿಸಲು ಟೀಚರಿಗೆ ಹೇಳಿಡಿ. ಆ ಒಂದು ಮಾತಿನಿಂದ ಮೂರೂವರೆಯ ಎರಡನೇ ಊಟ ನಿಲ್ಲಬಹುದು.

ಮನೆಯಲ್ಲಿ ಏನು ಮಾಡಬೇಕು? ತಿನ್ನುವುದನ್ನು ಕಿತ್ತುಕೊಳ್ಳಬೇಡಿ, ಬೀಗ ಹಾಕಬೇಡಿ. ಅಮೆರಿಕದಲ್ಲಿ ಜೆನಿಫರ್ ಫಿಶರ್, ಲೀಯನ್ ಬರ್ಚ್ ಅನ್ನುವ ಸಂಶೋಧಕಿಯರು 1999ರಲ್ಲಿ ಅಂಗನವಾಡಿ ವಯಸ್ಸಿನ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಒಂದೇ ಬಗೆಯ ಎರಡು ತಿಂಡಿ. ಒಂದು ಎದುರಿಗೇ ಇತ್ತು. ಇನ್ನೊಂದು ಕಣ್ಣಿಗೆ ಕಾಣುವಂತೆ ಡಬ್ಬದಲ್ಲಿ, ಸ್ವಲ್ಪ ಹೊತ್ತು ಮಾತ್ರ ತೆಗೆಯಲು ಬಿಡುತ್ತಿದ್ದರು. ಮಕ್ಕಳ ಮನಸ್ಸೆಲ್ಲ ಡಬ್ಬದ ಮೇಲೆಯೇ. ಹಾಗಾಗಿ ಚಾಕಲೇಟ್ ಡಬ್ಬವನ್ನು ಕಪಾಟಿನ ಮೇಲೆ ಕಾಣುವಂತೆ ಇಟ್ಟು "ಮುಟ್ಟಬೇಡ" ಅಂದರೆ ಕೆಲಸ ಕೆಡುತ್ತದೆ. ಮನೆಗೆ ತರುವುದನ್ನೇ ಕಡಿಮೆ ಮಾಡಿ. ದುಬೈಯಿಂದ ಬರುವವರು ಮಗಳಿಗೆ ಬಣ್ಣದ ಪೆನ್ಸಿಲ್, ಚೆಂಡು, ಚಪ್ಪಲಿ ತರಲಿ.

ಅಮೆರಿಕದವರೇ ಆದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಒಂದು ಕ್ರಮ ನನಗೆ ತುಂಬಾ ಹಿಡಿಸುತ್ತದೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೈಯಲ್ಲಿ. ಎಷ್ಟು ಅನ್ನುವುದು ಮಗುವಿನ ಕೈಯಲ್ಲಿ. ನಮ್ಮ ಮನೆಗಳಲ್ಲಿ ಇದು ಪೂರ್ತಿ ಉಲ್ಟಾ. ಏನು ಬೇಕು ಅಂತ ಮಗುವನ್ನು ಕೇಳುತ್ತೇವೆ, ಎಷ್ಟು ತಿನ್ನಬೇಕು ಅಂತ ನಾವು ಹೇಳುತ್ತೇವೆ. "ಇದು ಅಜ್ಜಂದು, ಇದು ಅಪ್ಪಂದು, ಇದು ಕಾಕೆದು" ಅಂತ ಇನ್ನೂ ಮೂರು ತುತ್ತು ತುರುಕುತ್ತೇವೆ. ನಾಲ್ಕು ವರ್ಷ ಯಾಕೆ ಮುಖ್ಯ ಅಂದರೆ, ಮೂರು ವರ್ಷದ ಮಗು ತಟ್ಟೆಗೆ ಎಷ್ಟೇ ಹಾಕಿದರೂ ಹಸಿವಿಗೆ ತಕ್ಕಷ್ಟೇ ತಿಂದು ಎದ್ದುಬಿಡುತ್ತದೆ. ಐದಕ್ಕೆ ಬಂದಾಗ ಹೆಚ್ಚು ಹಾಕಿದರೆ ಹೆಚ್ಚು ತಿನ್ನುತ್ತದೆ. ಇದನ್ನೂ ಪ್ರಯೋಗ ಮಾಡಿ ನೋಡಿದ್ದಾರೆ. ಹೊಟ್ಟೆ ಹೇಳಿದ್ದನ್ನು ಕೇಳುವ ಗುಣ ನಿಮ್ಮ ಮಗಳಲ್ಲಿ ಇನ್ನೂ ಪೂರ್ತಿ ಹೋಗಿರಲಿಕ್ಕಿಲ್ಲ. ಮೊಬೈಲ್ ನೋಡುತ್ತಾ ತಿಂದರೆ ಮಾತ್ರ ಖಂಡಿತ ಹೋಗುತ್ತದೆ. ಮೊಬೈಲ್ ಇಲ್ಲದೆ ಉಣ್ಣಲು ಮೊದಲ ವಾರ ಗಲಾಟೆ ಮಾಡುತ್ತಾಳೆ, ಎರಡು ದಿನ ಕಡಿಮೆ ತಿನ್ನುತ್ತಾಳೆ. ಅತ್ತೆ ಕಣ್ಣೀರು ಹಾಕಬಹುದು. 21 ಕೆ.ಜಿ.ಯ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ.

ಒಂಬತ್ತು ಸಲವನ್ನು ಐದು ಸಲಕ್ಕೆ ಇಳಿಸಿ: ಬೆಳಗಿನ ತಿಂಡಿ, ಅಂಗನವಾಡಿಯ ಎರಡು, ನಾಲ್ಕು ಗಂಟೆಯದ್ದು, ರಾತ್ರಿ ಊಟ. ನಡುವೆ ನೀರು. ಹಾಲು ದಿನಕ್ಕೆ ಒಟ್ಟು 400 ಮಿ.ಲೀ. ಒಳಗೆ ಇರಲಿ, ಪುಡಿ ಸಕ್ಕರೆ ಇಲ್ಲದೆ, ತಿಂಡಿ ಊಟದ ಜೊತೆಗೇ. ಅಂಗನವಾಡಿಯಲ್ಲಿ ಹಾಲು ಕೊಟ್ಟ ದಿನ ಅದೂ ಈ ಲೆಕ್ಕಕ್ಕೇ. ಬಾಟಲಿಯನ್ನು ಇವತ್ತೇ ಬಿಸಾಡಿ. ನಾಲ್ಕು ವರ್ಷದ ಹಲ್ಲಿಗೆ ರಾತ್ರಿಯ ಸಿಹಿ ಹಾಲಿನಷ್ಟು ಕೆಟ್ಟದ್ದು ಬೇರೆ ಇಲ್ಲ. ಸಕ್ಕರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಹಠ ಮಾಡುತ್ತಾಳೆ, ಹತ್ತು ಹದಿನೈದು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ.

ನಾಲ್ಕು ಗಂಟೆಯದ್ದನ್ನು ಪೂರ್ತಿಯಾಗಿ ಅತ್ತೆಗೆ ಬಿಟ್ಟುಕೊಡಿ. ಅವರ ಎದುರು "ದಪ್ಪ", "ಬೊಜ್ಜು" ಅನ್ನುವ ಮಾತು ತೆಗೆಯಬೇಡಿ, ಈ ಉತ್ತರವನ್ನು ಓದಿಯೂ ಹೇಳಬೇಡಿ. "ಅತ್ತೆ, ಇವಳಿಗೆ ಬೇಕರಿದು ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ, ನೀವು ಮೊದಲು ಮಾಡಿಕೊಡ್ತಿದ್ದದ್ದನ್ನೇ ಮಾಡಿ" ಅನ್ನಿ. ಹೆಸರುಕಾಳಿನ ಉಸ್ಲಿ, ಬೇಯಿಸಿದ ನೇಂದ್ರಬಾಳೆ ಅರ್ಧ, ಗೆಣಸು, ಪೇರಳೆ, ಪಪ್ಪಾಯಿ, ಉಪ್ಪು ಕಡಿಮೆ ಹಾಕಿದ ಮಜ್ಜಿಗೆ. ಮಳೆಗಾಲದಲ್ಲಿ ಪತ್ರೊಡೆಯ ಎರಡು ಹೋಳು. ಬಾಳೆಕಾಯಿ ಚಿಪ್ಸು, ಹಲಸಿನ ಹಪ್ಪಳ ಮನೆಯಲ್ಲಿ ಮಾಡಿದ್ದೇ ಆದರೂ ಎಣ್ಣೆಯದ್ದೇ, ಅದನ್ನು ಅಪರೂಪಕ್ಕೆ ಇಡಿ. ಓರಗಿತ್ತಿಗೆ ಅತ್ತೆಯಿಂದಲೇ ಹೇಳಿಸಿದರೆ ಒಳ್ಳೆಯದು. ನೀವು ಹೇಳಿದರೆ ಅದು ಬೇರೆಯೇ ಜಗಳಕ್ಕೆ ದಾರಿ.

ನಿದ್ದೆಯ ವಿಷಯ ನಿಮ್ಮ ಪಟ್ಟಿಯಲ್ಲಿ ಒಂದೇ ಸಾಲಿದೆ, ಆದರೆ ಸಣ್ಣದಲ್ಲ. ಮೂರು ನಾಲ್ಕು ವರ್ಷದ ಮಕ್ಕಳಿಗೆ ಹಗಲಿನದ್ದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ಮೊಬೈಲ್ ಟಿವಿ ಒಂದು ಗಂಟೆಗಿಂತ ಜಾಸ್ತಿ ಬೇಡ, ಮೂರು ಗಂಟೆ ಮೈ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿದ್ದೆ ಕಡಿಮೆಯಾದ ಮಕ್ಕಳಲ್ಲಿ ತೂಕ ಏರುವುದು ಬಹಳ ಕಡೆ ಕಂಡಿದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಿಮ್ಮ ಗಂಡ ಡ್ಯೂಟಿ ಮುಗಿಸಿ ಕಾಲ್ ಮಾಡುವಾಗ ಇಲ್ಲಿ ಒಂಬತ್ತೂವರೆ. ಬೆಳಗ್ಗೆ ಅಂಗನವಾಡಿಗೆ ಹೊರಡುವ ಮೊದಲು ಮಾತಾಡಿಸಲು ಆಗುತ್ತದೆಯೇ ಕೇಳಿ ನೋಡಿ. ಅಲ್ಲಿ ಅವರೂ ಎದ್ದಿರುತ್ತಾರೆ.

ಆಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹೊರಗೆ ಬಿಡಲು ಆಗುವುದಿಲ್ಲ, ಮಳೆ ನಿಂತರೆ ಅಂಗಳ ತುಂಬಾ ಅಡಿಕೆ. ಅಂಗಳದ ಒಂದು ಮೂಲೆಯನ್ನಾದರೂ ಮಗಳಿಗೆ ಬಿಡಿ ಅಂತ ಮಾವನಿಗೆ ಹೇಳಿ. ಅಂಗನವಾಡಿಗೆ ಸ್ಕೂಟರಿನಲ್ಲಿ ಬಿಡುವ ಬದಲು ನಡೆಸಿಕೊಂಡು ಹೋಗಲಿ.

ತೂಕ ಇಳಿಸುವ ಯೋಚನೆ ಮಾತ್ರ ಬೇಡ. ಈ ವಯಸ್ಸಿನಲ್ಲಿ ತೂಕ ಇಳಿಯಬಾರದು, ನಿಧಾನವಾಗಬೇಕು. ವರ್ಷಕ್ಕೆ ಆರೇಳು ಸೆಂ.ಮೀ. ಬೆಳೆಯುತ್ತಾಳೆ. ಮುಂದಿನ ವರ್ಷ ಈ ಹೊತ್ತಿಗೆ 109ರಿಂದ 110 ಸೆಂ.ಮೀ. ಆಗಿ, ತೂಕ 21.5 ಕೆ.ಜಿ.ಯ ಆಸುಪಾಸಿನಲ್ಲೇ ನಿಂತರೆ ಬಿಎಂಐ 18ರ ಹತ್ತಿರಕ್ಕೆ ಬರುತ್ತದೆ. ಈಗಿನ 18.5ರ ಗೆರೆಯಿಂದ ಕೆಳಗೆ ಬಂದಳು ಅಂತ ಲೆಕ್ಕ. ವಾರ ವಾರ ತೂಕ ನೋಡಬೇಡಿ, ಅವಳ ಎದುರು ತೂಕದ ಮಾತೇ ಬೇಡ. ಮೂರು ತಿಂಗಳಿಗೊಮ್ಮೆ ಸಾಕು, ಪ್ರತಿ ಸಲ ಎತ್ತರವನ್ನೂ ಅಳೆಯಿರಿ.

ಎತ್ತರ ಚೆನ್ನಾಗಿ ಬೆಳೆಯುತ್ತಿರುವುದರಿಂದ ಥೈರಾಯ್ಡ್‌ನಂಥ ಹಾರ್ಮೋನ್ ತೊಂದರೆಯ ಸಂಭವ ಕಡಿಮೆ. ಸುಮ್ನೆ ರಕ್ತಪರೀಕ್ಷೆಗೆ ಓಡಬೇಡಿ. ಆದರೆ ಎತ್ತರ ಬೆಳೆಯುವುದು ನಿಂತರೆ, ರಾತ್ರಿ ಜೋರಾಗಿ ಗೊರಕೆ ಹೊಡೆದು ಉಸಿರು ತಡೆದಂತೆ ಆದರೆ, ಕುತ್ತಿಗೆಯ ಹಿಂದೆ ಚರ್ಮ ದಪ್ಪವಾಗಿ ಕಪ್ಪಾದರೆ, ಎಷ್ಟು ತಿಂದರೂ ಹಸಿವು ಅಂತ ಅಳುತ್ತಿದ್ದರೆ ಮೂರು ತಿಂಗಳು ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಉಬ್ಬಸಕ್ಕೆ ಅಥವಾ ಬೇರೆ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಔಷಧ ಕುಡಿಸಿದ್ದರೆ ಅದನ್ನೂ ಹೇಳಿ. ಹೋಗುವಾಗ ತಾಯಿ ಕಾರ್ಡಿನ ಜೊತೆ ಒಂದು ವಾರದ ಪಟ್ಟಿ ತೆಗೆದುಕೊಂಡು ಹೋಗಿ. ಈ ಸಲ ನೀವೊಬ್ಬರೇ ಬರೆಯಬೇಡಿ, ಅತ್ತೆ, ಓರಗಿತ್ತಿ, ಟೀಚರು ಎಲ್ಲರನ್ನೂ ಕೇಳಿ ಬರೆಯಿರಿ.